ದುಗ್ಗಿ ಉಂಡ ಕಲ್ಲು

ಕರಾವಳಿಯಿಂದ ಅರ್ಧ ದಿನದ ದೋಣಿಹಾದಿಯಲ್ಲಿರುವ ಸೀಗೆಗುಡ್ಡ ದ್ವೀಪಕ್ಕೆ ಹೋದವರು ಅದರ ಪಡುವಣ ದಂಡೆಯಲ್ಲಿ ಒಂದು ಚಪ್ಪಟೆ ಬಂಡೆಯನ್ನು ಕಾಣುತ್ತಾರೆ. ಎದುರಿಗೆ ನೀರಿನ ನಡುವೆ ಕರಿಯ ಕೋಡುಗಲ್ಲೊಂದಿದೆ. ಇಳಿತದಲ್ಲಿ ಎರಡರ ನಡುವೆ ಮರಳ ದಿಬ್ಬವೆದ್ದು ಕಾಲುಹಾದಿಯಾಗುತ್ತದೆ. ಭರತ ಬಂದರೆ ಕೋಡುಗಲ್ಲು ತುದಿಯವರೆಗೂ ಮುಳುಗುತ್ತದೆ, ಸುತ್ತ ಬರೀ ಸುಳಿ, ಈಜಿ ಬದುಕಿದವರಿಲ್ಲ. ದಂಡೆಯ ಬಂಡೆಗೆ ದುಗ್ಗಿ ಉಂಡ ಕಲ್ಲು ಎಂದು ಹೆಸರು.

ಹಿಂದೆ ಒಮ್ಮೆ ಈ ದ್ವೀಪ ದಡದ ಪಾಳೆಯಗಾರನೊಬ್ಬನ ಕೈಕೆಳಗಿತ್ತು ಎನ್ನುತ್ತಾರೆ. ವರ್ಷಕ್ಕೊಮ್ಮೆ ಕಂದಾಯ ಎತ್ತಲು ಅವನ ದಳವಾಯಿ ಕೊಂಡಪ್ಪ ಭಟರೊಡನೆ ಬರುತ್ತಿದ್ದ. ಘಟ್ಟದ ಮೇಲಿನವನು, ತನ್ನ ನೆರಳನ್ನೂ ನಂಬದವನು. ಕಾಲಿಟ್ಟೊಡನೆ ಊರಿನ ದೋಣಿಗಳ ಹುಟ್ಟುಗಳನ್ನೆಲ್ಲ, ತನ್ನ ದೋಣಿಯವನ್ನೂ ಬಿಡದೆ, ಕಲ್ಲಿನ ಉಗ್ರಾಣಕ್ಕೆ ಹಾಕಿಸಿ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ. ಬೀಗ ಮುಟ್ಟಿದವನ ಕೈ ಕಡಿಸುತ್ತೇನೆಂದು ಸಾರಿಸಿದ್ದ. ಅಂಥ ಒಂದು ದಿನ ಚಿಪ್ಪಿ ಕೀಳಲು ಕೋಡುಗಲ್ಲಿಗೆ ಹೋಗಿದ್ದ ಬೀರನ ಕಾಲು ಉಳುಕಿ, ಅವನು ಮರಳುವ ಮೊದಲೇ ನೀರೇರಿತು. ಅವನ ಹೆಂಡತಿ ದುಗ್ಗಿ ಓಡಿಬಂದು ದಳವಾಯಿಯ ಕಾಲಿಗೆ ಬಿದ್ದಳು. "ಒಡೆಯಾ, ಒಂದ್ ಹುಟ್ಟು ಕೊಡಿ. ಅಲ್ಲಿ ಕೂಗ್ತಿರೋದು ನನ್ ಗಂಡ." ಎಲೆಯ ಮುಂದೆ ಕೂತಿದ್ದವನು ತಲೆಯೆತ್ತಲಿಲ್ಲ. "ಊಟ ಆಗ್ಲಿ, ನೋಡೋಣ" ಎಂದ. ಅವನು ಮಜ್ಜಿಗೆಗೆ ಅನ್ನ ಕಲಸುವಷ್ಟರಲ್ಲಿ ಕೂಗು ನಿಂತಿತು.

ಅಂದಿನಿಂದ ದುಗ್ಗಿಯ ಗಂಟಲಲ್ಲಿ ಅನ್ನ ಇಳಿಯದಾಯಿತು. ಗಂಜಿತಿಳಿ ಕುಡಿದು, ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡು ಕಾದಳು. ಮರುವರ್ಷ ದಳವಾಯಿ ಬಂದಾಗ, ಅವನೊಬ್ಬನೇ ಇರುವ ಹೊತ್ತು ನೋಡಿ, ಕೋಡುಗಲ್ಲಿನ ಪೊಟರೆಯಲ್ಲಿ ಮುತ್ತಿನ ಚಿಪ್ಪುಗಳಿವೆ, ಯಾರಿಗೂ ತಿಳಿಯದಿರಲಿ ಎಂದು ಪಿಸುಗುಟ್ಟಿದಳು. ಅತಿಯಾಸೆ ಗತಿಗೇಡು. ಭಟರಿಗೂ ಹೇಳದೆ ಅವನು ಇಳಿತದ ಕೊನೆಯ ಗಳಿಗೆಯಲ್ಲಿ ಮರಳ ಮೇಲೆ ನಡೆದುಹೋದ. ಘಟ್ಟದವನಿಗೆ ನೀರಿನ ವೇಳೆ ಏನು ಗೊತ್ತು?

ಅವನ ಕೂಗು ಕೇಳಿ ಭಟರು ಉಗ್ರಾಣಕ್ಕೆ ಓಡಿದರು. ಬೀಗದಕೈ ಅವನ ಸೊಂಟದಲ್ಲೇ ಇತ್ತು. ಬೀಗ ಒಡೆಯುವ ಧೈರ್ಯ ಒಬ್ಬರಿಗೂ ಬರಲಿಲ್ಲ. ದುಗ್ಗಿ ಮಾತ್ರ ದಂಡೆಯ ಬಂಡೆಯ ಮೇಲೆ, ಅವನಿಗೆ ಕಾಣುವಂತೆ, ಎಲೆ ಹಾಸಿ ಬಿಸಿ ಅನ್ನ, ಮೀನುಸಾರು ಬಡಿಸಿಕೊಂಡಳು. "ಏನಾದ್ರೂ ಮಾಡು ತಾಯಿ" ಎಂದು ಭಟನೊಬ್ಬ ಅಂಗಲಾಚಿದ. "ಊಟ ಆಗ್ಲಿ, ನೋಡೋಣ" ಎಂದಳು. ಒಂದಗುಳೂ ಬಿಡದೆ ಉಂಡಳು. ಕೈ ತೊಳೆಯಲು ಬಗ್ಗಿದಾಗ ಅಲೆಗಳ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ವರ್ಷದ ಮೇಲೆ ಅಂದು ನನ್ನ ಹೊಟ್ಟೆ ತುಂಬಿತು ಎಂದು ಸಾಯುವವರೆಗೂ ಹೇಳುತ್ತಿದ್ದಳಂತೆ.

ಇಂದಿಗೂ ಆ ಬಂಡೆಯಲ್ಲಿ ಎಲೆಯಗಲದ ತಗ್ಗೊಂದಿದೆ. ನೋಡಬಂದವರು ಅಲ್ಲಿ ಬುತ್ತಿ ಬಿಚ್ಚಿದರೆ ಊರವರು ಎಬ್ಬಿಸುತ್ತಾರೆ. ದೋಣಿಯಿಂದ ಹುಟ್ಟನ್ನು ಬೇರೆಯಾಗಿ ಇಡುವ ರೂಢಿ ಈ ದ್ವೀಪದಲ್ಲಿಲ್ಲ. ನೀರಿನ ಕಡೆಯಿಂದ ಕೂಗು ಕೇಳಿದರೆ ಇಲ್ಲಿಯವರು ಎತ್ತಿದ ತುತ್ತನ್ನು ಎಲೆಗೆ ಹಾಕಿ, ಎಂಜಲುಗೈಯಲ್ಲೇ ಓಡುತ್ತಾರೆ.