ಕುರಿದೊಡ್ಡಿಗೆ ಹೊಯ್ದ ಬ್ಲೀಚಿಂಗ್ ನೀರು

ಶಿಷ್ಯ ಕೇಳಿದ: “ಗುರುಗಳೇ, ಅಪ್ಪ ಸತ್ತಾಗ ಅಣ್ಣ ನನಗೆ ಹೇಳಿ ಕಳಿಸಲಿಲ್ಲ. ಹನ್ನೊಂದು ವರ್ಷವಾಯಿತು. ದಿನಕ್ಕೆ ಸಾವಿರ ಜಪ ಮಾಡುತ್ತೇನೆ. ಸಿಟ್ಟು ಹೋಗುವುದಿಲ್ಲ. ಇದಕ್ಕಿಂತ ಬಲವಾದ ಮಂತ್ರವಿದ್ದರೆ ಕೊಡಿ.”

ಗುರು ಹೇಳಿದ:

ಒಬ್ಬ ಕುರಿಗಾರನಿದ್ದ. ಅವನ ದೊಡ್ಡಿಯಲ್ಲಿ ನೆರಡಿ ಎಂಬ ಅಂಟುರೋಗ ಬಿದ್ದು ಆರು ಕುರಿ ಸತ್ತವು. ಹತ್ತೊಂಬತ್ತು ಉಳಿದವು. ಅವನಿಗೆ ಇದ್ದದ್ದು ಅಷ್ಟೇ. ದನದ ಡಾಕ್ಟರು ಬಂದು ಹೆಣಗಳನ್ನು ಸುಡಿಸಿದರು, ಉಳಿದ ಕುರಿಗಳಿಗೆ ರೋಗ ತಡೆಯುವ ಸೂಜಿ ಹಾಕಿದರು. ಈ ರೋಗಾಣು ಗಟ್ಟಿ ಚಿಪ್ಪು ಹೊದ್ದು ಕೂರುತ್ತದೆ, ಹತ್ತಾರು ವರ್ಷ ಸಾಯುವುದಿಲ್ಲ ಎಂದರು. ನೆಲವನ್ನು ನೆನೆಸಿ, ಮೆತ್ತಿದ್ದನ್ನೆಲ್ಲ ಕೆರೆದು ಸುಡಬೇಕು. ಅಡಿಯ ಕಲ್ಲು ಕಾಣಬೇಕು. ಆಮೇಲೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಹೊಯ್ದು, ಒಂದು ಗಂಟೆ ಒಣಗದಂತೆ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಕುರಿ ಒಳಗೆ ಹೋಗಬಾರದು.

ಕುರಿಗಾರ ಗುದ್ದಲಿ ತಂದ. ಅವನ ತಾಯಿ ಬಾಗಿಲಿಗೆ ಅಡ್ಡ ನಿಂತಳು. ಕಲ್ಲಿನ ಮೇಲೆ ವಾರಕ್ಕೊಮ್ಮೆ ಸಗಣಿ ಸಾರಿಸಿ ಆ ನೆಲವನ್ನು ಅಂಗೈಯಂತೆ ನುಣುಪು ಮಾಡಿದವಳು ಅವಳು.

“ನಲವತ್ತು ವರ್ಷ ಸಾರಿಸಿದ್ದೀನಿ. ಕಾಯಿಲೆ ಬಂದದ್ದು ಕುರಿಗೆ ಕಣಪ್ಪ, ನನ್ನ ನೆಲಕ್ಕಲ್ಲ.”

ಅವನು ಗುದ್ದಲಿ ಇಟ್ಟ. ಬ್ಲೀಚಿಂಗ್ ನೀರನ್ನು ಸಗಣಿಯ ಮೇಲೆಯೇ ಹೊಯ್ದ. ಡಾಕ್ಟರು ಹೇಳಿದ್ದ ಎರಡು ಬಕೆಟ್ಟಿನ ಬದಲು ಆರು ಬಕೆಟ್ಟು ಹೊಯ್ದ. ಕಣ್ಣು ಉರಿಯಿತು. ಇಷ್ಟು ಉರಿದ ಮೇಲೆ ಕೆಲಸ ಮಾಡಿರಲೇಬೇಕು ಎಂದುಕೊಂಡ. ಊರಿನವರೂ ವಾಸನೆ ನೋಡಿ ಒಪ್ಪಿದರು. ಮರುದಿನ ಕುರಿಗಳನ್ನು ಒಳಗೆ ಬಿಟ್ಟ.

ಸೂಜಿ ಮೈಗೆ ಹತ್ತಲು ಇನ್ನೂ ಕೆಲವು ದಿನ ಬೇಕಿತ್ತು. ಅಷ್ಟರೊಳಗೆ ಐದು ಕುರಿ ಸತ್ತವು. ಉಳಿದವನ್ನು ಬಯಲಿಗೆ ಅಟ್ಟಿ ಅವನು ಡಾಕ್ಟರ ಬಳಿ ಓಡಿದ.

“ನಿಮ್ಮ ಪುಡಿ ಸುಳ್ಳು ಡಾಕ್ಟ್ರೇ. ಜೋರಾದ್ದು ಕೊಡಿ.”

ಡಾಕ್ಟರು ಬಂದು ಬಾಗಿಲಲ್ಲೇ ನಿಂತರು. “ಕಲ್ಲೆಲ್ಲಿ?”

“ಅಡಿಯಲ್ಲಿದೆ. ಅವ್ವನ ನೆಲ, ಹೇಗೆ ಅಗೆಯಲಿ?”

“ಪುಡಿ ಸುಳ್ಳಲ್ಲಪ್ಪ. ಅದರ ಶಕ್ತಿಯೆಲ್ಲ ಸಗಣಿ ಸುಡುವುದರಲ್ಲೇ ಮುಗಿದಿದೆ. ರೋಗ ಅವ್ವನ ಸಗಣಿಯ ಅಡಿಯಲ್ಲಿ ಬೆಚ್ಚಗೆ ಕೂತಿದೆ. ಇನ್ನೂ ಜೋರಾದ್ದು ಕೊಟ್ಟರೆ ಸಗಣಿ ಇನ್ನೂ ಚೆನ್ನಾಗಿ ಸುಡುತ್ತದೆ, ಬೇಕಾ?”

ಬಯಲಲ್ಲಿ ಹದಿನಾಲ್ಕು ಕುರಿ ನಿಂತಿದ್ದವು. ತಾಯಿ ಇನ್ನೂ ಬಾಗಿಲ ಬಳಿಯೇ ಇದ್ದಳು.

ಗುರು ಅಲ್ಲಿಗೆ ನಿಲ್ಲಿಸಿದ. ಶಿಷ್ಯ ಕೇಳಿದ: “ಕೊನೆಗೆ ಅವನು ನೆಲ ಅಗೆದನೇ?”

“ನಿನ್ನ ಅಣ್ಣನ ಊರಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ?” ಎಂದ ಗುರು.