ಹಗ್ಗದ ಮೇಲಿನ ಭಾರ

“ಗುರುಗಳೇ, ಇದೇ ನಿಜವೆಂದು ನನ್ನ ಮೈಮನಸ್ಸೆಲ್ಲ ಹೇಳುತ್ತಿರುವಾಗ ಇನ್ನೊಬ್ಬರನ್ನು ಏಕೆ ಕೇಳಬೇಕು?” ಎಂದ ಶಿಷ್ಯ. ಮಠ ಬಿಟ್ಟು ಹೊರಡಲು ಗಂಟು ಕಟ್ಟಿಕೊಂಡೇ ಬಂದಿದ್ದ.

ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಬ್ಬ ಜೇನುಗಾರನಿದ್ದ. ಕಡಿದಾದ ಬಂಡೆಯ ನಡುವೆ ಹೆಜ್ಜೇನು ಕಟ್ಟುತ್ತಿತ್ತು. ಸೊಂಟಕ್ಕೆ ಹಗ್ಗ ಬಿಗಿದು ಇಳಿದೇ ಕೊಯ್ಯಬೇಕು. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ ಆಗಬೇಕೆಂಬುದು ಅವರ ಕಟ್ಟಳೆ. ಅಣ್ಣ ಸತ್ತರೆ ಒಡಹುಟ್ಟಿದವನಿಗೆ ಬಂಡೆ ಸಿಗುತ್ತದೆ. ಮೈದುನನಿಗೆ ಸಿಗುವುದು ವಿಧವೆ ಅಕ್ಕ ಮಾತ್ರ. ಯೋಚಿಸಿಯೇ ಮಾಡಿದ ಕಟ್ಟಳೆ. ಇನ್ನೊಂದೂ ಇತ್ತು: ಮೇಲಿರುವವನಿಗೆ ಕೆಳಗಿನದು ಕಾಣದು, ಹಾಗಾಗಿ ಕೆಳಗಿನವನು ಹೇಳಿದ್ದನ್ನು ಮರುಮಾತಿಲ್ಲದೆ ಮಾಡಬೇಕು.

ಆ ವರ್ಷ ಜೇನುಗಾರನಿಗೆ ಜ್ವರ ಬಂದು ಬಿಟ್ಟ ಮೇಲೆ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದುಬಿಟ್ಟಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಂಡೆ ಬೇರೆಯವರ ಪಾಲಾಗುತ್ತಿತ್ತು. ದಾರಿಯುದ್ದಕ್ಕೂ ಮರ ಹಿಡಿದು ನಡೆಯುತ್ತಿದ್ದವನನ್ನು ಕಂಡು ಮೈದುನ, “ಏನು ಭಾವ, ಬೆಳಬೆಳಿಗ್ಗೆಯೇ ಏರಿಸಿದ್ದೀರಾ?” ಎಂದ.

“ನಿನ್ನಕ್ಕನ ಕೈಯಡುಗೆ ಉಂಡವನಿಗೆ ಹೆಂಡ ಬೇರೆ ಬೇಕೇನೋ?” ಎಂದು ನಕ್ಕು ಭಾವ ಇಳಿದೇಬಿಟ್ಟ.

ಹೊಗೆಗೆ ಕಣ್ಣು ಮುಚ್ಚಿ, ಹುಳುಗಳ ಸದ್ದಿನ ಜಾಡು ಹಿಡಿದು ಜೇನುಗೂಡಿನತ್ತ ಸರಿಯುವುದು ಅವನ ರೂಢಿ. ಸದ್ದು ಎಡಕ್ಕೆ ಕೇಳಿಸಿತು. ಅದು ತನ್ನ ಕಿವಿಯದೇ ಎಂದು ತಿಳಿಯದೆ ಸರಕ್ಕನೆ ತಲೆ ತಿರುಗಿಸಿದ.

ಮೇಲೆ ಮೈದುನನ ಕೈಯಲ್ಲಿ ಹಗ್ಗ ಗಿರ್ರನೆ ಹೊರಳಿತು. ಕೆಳಗಿನಿಂದ ಕೂಗು ಬಂತು: “ನೆಲ ಸಿಕ್ಕಿತು! ಬೋರಲು ಬಿದ್ದಿದ್ದೇನೆ, ಹುಳು ಮುತ್ತಿವೆ. ಹಗ್ಗ ಬಿಡು, ಓಡಬೇಕು!”

ಬಂಡೆಯ ಬುಡದಲ್ಲಿ ನೆಲವೇನೋ ಇತ್ತು. ಭಾವ ಅಲ್ಲಿಗೆ ತಲುಪಿದ್ದರೆ, ಹಗ್ಗ ಬಿಡದಿರುವುದು ಅವನನ್ನು ಕಟ್ಟಿಹಾಕಿ ಹುಳುಗಳಿಂದ ಕೊಲ್ಲಿಸಿದಂತೆ. ತಲುಪಿಲ್ಲದಿದ್ದರೆ?

“ಬಿಡೋ ಮುಂಡೇದೇ! ನಿನ್ನಕ್ಕನ ಆಣೆ, ನನ್ನ ಎದೆಗೆ ನೆಲ ಒತ್ತುತ್ತಿದೆ!”

ಅಕ್ಕನ ಆಣೆ. ಹಿಡಿತ ಸಡಿಲಾಯಿತು. ಆಗ ಹಗ್ಗ ಅಂಗೈ ಸುಲಿದುಕೊಂಡು ಜಾರಿತು. ನೆಲ ಮುಟ್ಟಿದವನಾದರೆ ಕೈಗೆ ಹಗುರವಾಗಬೇಕಿತ್ತು. ಭಾರ ಎಳ್ಳಷ್ಟೂ ಇಳಿದಿರಲಿಲ್ಲ. ಮೈದುನ ಹಗ್ಗವನ್ನು ಮರಕ್ಕೆ ಸುತ್ತಿದ. ಕೆಳಗಿನ ಬೈಗುಳಕ್ಕೆ ಕಿವಿಗೊಡದೆ ಹಲ್ಲು ಕಚ್ಚಿ ಎಳೆದ.

ಮೇಲೆ ಬಂದ ಭಾವ ಹುಲ್ಲನ್ನು ಎರಡೂ ಕೈಯಲ್ಲಿ ತಬ್ಬಿ ವಾಂತಿ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಅಂಚಿನಿಂದ ಇಣುಕಿ ನೋಡಿದ. ಎದೆಗೆ ಒತ್ತಿದ್ದ ನೆಲ, ನೆಟ್ಟಗೆ ನಿಂತ ಬಂಡೆಯಾಗಿತ್ತು. ಕೆಟ್ಟ ಕಿವಿ ಅವನಿಗೆ ಮೇಲು ಕೆಳಗಿನ ಅರಿವನ್ನೇ ತಪ್ಪಿಸಿತ್ತು.

ಶಿಷ್ಯ ನಕ್ಕುಬಿಟ್ಟ. “ಎಂಥ ಸುಳ್ಳ, ಗುರುಗಳೇ! ಹೆಂಡತಿಯ ಮೇಲೆ ಆಣೆಯಿಟ್ಟು ಸುಳ್ಳು ಹೇಳುವುದೇ?”

“ಸುಳ್ಳು ಹೇಳಲಿಲ್ಲ ಮಗು, ಅವನಿಗೂ ನಿನ್ನಷ್ಟೇ ಖಚಿತವಿತ್ತು.”