ಕಳ್ಳನನ್ನೂ ಕೇಳಿ ಕಟ್ಟಿದ ಸೆರೆಮನೆ

ಮಕ್ಕಳೇ, ಕರಿಬಂಡೆ ಕಾಡಿನ ಹಳ್ಳದ ದಡದಲ್ಲಿ ಒಂದು ಖಾಲಿ ಸೆರೆಮನೆ ಇದೆ. ದಿನವೂ ಸಂಜೆ ಮುದಿ ಮುಳ್ಳುಹಂದಿಯೊಂದು ಅದರ ಮುಂದೆ ಬಂದು ಕೂರುತ್ತದೆ. ಹೆಸರು ಚೂಪಣ್ಣ, ಒಂದು ಕಾಲಕ್ಕೆ ಕಾಡಿನ ದೊಡ್ಡ ಮೇಸ್ತ್ರಿ. ಆ ಗೋಡೆ ಕಂಡರೆ ಸಾಕು, ಅವನ ಮನಸ್ಸು ಹಿಂದಕ್ಕೆ ಓಡುತ್ತದೆ.

ಎಂಥ ದಿನಗಳವು! ಚುರುಕ ಎಂಬ ಮುಂಗುಸಿ ಹಕ್ಕಿಗಳ ಮೊಟ್ಟೆ ಕದ್ದು ಸಿಕ್ಕಿಬಿದ್ದಿದ್ದ. ಕರಡಿ ಜಾಂಬಕ್ಕ ಅವನ ಬಾಲ ಹಿಡಿದು ಕೂತಿದ್ದಳು. ಆದರೆ ಎಷ್ಟು ದಿನ ಹಾಗೆ ಕೂರುವುದು?

"ಮಳೆಗಾಲಕ್ಕೆ ನಾವು ಮೊಟ್ಟೆ ಇಡಬೇಕು. ಅಷ್ಟರಲ್ಲಿ ಸೆರೆಮನೆ ಆಗದಿದ್ದರೆ ಈ ಕಾಡನ್ನೇ ಬಿಡುತ್ತೇವೆ" ಎಂದು ಟಿಟ್ಟಿಭ ಹಕ್ಕಿ ಅತ್ತಿತು.

"ನಾನಿದ್ದೇನಲ್ಲ! ಯಾರೂ ಮಧ್ಯೆ ಬಾಯಿ ಹಾಕಬೇಡಿ" ಎಂದ ಚೂಪಣ್ಣ.

ತಿಂಗಳುಗಟ್ಟಲೆ ಒಬ್ಬನೇ ದುಡಿದ. ಹತ್ತು ಮೆಳೆ ಹಸಿ ಬಿದಿರು ದಂಡವಾಯಿತು. ಕೊನೆಗೆ ಕಾವಲಿಗೆಂದು ಒಳಹೊಕ್ಕ ಜಾಂಬಕ್ಕ ಬಾಗಿಲಲ್ಲೇ ಸಿಕ್ಕಿಕೊಂಡಳು. ಮೇಸ್ತ್ರಿ ತನ್ನ ಮೈಯಳತೆಗೇ ಬಾಗಿಲು ಇಟ್ಟಿದ್ದ! ಎಲ್ಲರೂ ಸೇರಿ ಅವಳನ್ನು ಎಳೆದಾಗ ಗೋಡೆಯೇ ಕುಸಿಯಿತು.

ಜಾಂಬಕ್ಕನ ಹಿಡಿತದಲ್ಲೇ ಇದ್ದ ಚುರುಕ ಬಿದ್ದು ಬಿದ್ದು ನಕ್ಕ. "ಇದೂ ಒಂದು ಸೆರೆಮನೆಯೇ? ಮೂಲೆಯ ಮಣ್ಣು ಮೆದು. ಕ್ಷಣದಲ್ಲಿ ಕೊರೆದು ಆಚೆ ಬರುತ್ತಿದ್ದೆ!"

ಚೂಪಣ್ಣನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಮೆಲ್ಲಗೆ ಕೇಳಿದ, "ಇನ್ನೆಲ್ಲೆಲ್ಲಿ ಮೆದು, ಹೇಳಪ್ಪಾ. ನಿನ್ನಷ್ಟು ತಿಳಿದವರು ಯಾರಿದ್ದಾರೆ?"

ಉಬ್ಬಿಹೋದ ಚುರುಕ ಒಂದೊಂದು ಮೂಲೆಯನ್ನೂ ತೋರಿಸಿದ!

ಆಮೇಲೆ ಚೂಪಣ್ಣ ಎಲ್ಲರನ್ನೂ ಕೇಳಿದ. ಗೆದ್ದಲುಗಳು ಹಳೆಯ ಹುತ್ತದ ಗಟ್ಟಿ ಮಣ್ಣು ಕೊಟ್ಟವು. ಬಿದ್ದ ಬಿದಿರಿನ ಸೀಳಿನಿಂದ ಗೀಜಗ ಬಾಗಿಲು ಹೆಣೆಯಿತು. ಜಾಂಬಕ್ಕ ತನ್ನ ಅಳತೆ ಕೊಟ್ಟು, ಒಂದು ಕೈಯಲ್ಲಿ ಚುರುಕನ ಬಾಲ ಹಿಡಿದುಕೊಂಡೇ ನೆಲಕ್ಕೆ ಚಪ್ಪಡಿ ಉರುಳಿಸಿದಳು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ನೇರಳೆಹಣ್ಣು ತಿಂದು, ನೀಲಿ ನಾಲಿಗೆ ತೋರಿಸಿ ನಗುತ್ತಿದ್ದರು.

"ಒಳಗಿರುವವನು ನಾನು. ಹಳ್ಳ ಕಾಣುವಂತೆ ಒಂದು ಕಿಟಕಿ ಇಡಿ" ಎಂದ ಚುರುಕ. ಅದನ್ನೂ ಇಟ್ಟರು.

ಎಂಟೇ ದಿನ! ಹೊಸದಾಗಿ ಒಂದು ಬಿದಿರನ್ನೂ ಕಡಿಯಲಿಲ್ಲ. ಬಾಗಿಲು ಹಾಕಿದ ದಿನವೇ ಮೊದಲ ಮಳೆ ಬಿತ್ತು. ಆ ಮಳೆಗಾಲವೆಲ್ಲ ಟಿಟ್ಟಿಭದ ಮರಿಗಳು ಓಡಾಡುವುದನ್ನು ಚುರುಕ ಕಿಟಕಿಯಿಂದ ನೋಡಿದ. ಬಿಡುಗಡೆಯಾದ ಮೇಲೆ ಅವನು ಮೊಟ್ಟೆ ಮುಟ್ಟಲೇ ಇಲ್ಲ.

ಜಾಂಬಕ್ಕ ಈಗಿಲ್ಲ. ಅವಳ ನೆನಪಾದರೆ ಚೂಪಣ್ಣನ ಕಣ್ಣು ತುಂಬುತ್ತದೆ. ಜೊತೆಗೆ ಕೂರಲು ನರೆತ ಮುಂಗುಸಿಯೊಂದು ಬರುತ್ತದೆ.

"ಆ ಕಿಟಕಿ ನಾನು ಹೇಳಿದ್ದು, ನೆನಪಿದೆಯಾ ಚೂಪಣ್ಣ?"

"ಮರೆಯುತ್ತೇನೆಯೇ? ಮೆಲ್ಲಗೆ ಮಾತಾಡೋ."

ಕಿಟಕಿಯಲ್ಲಿ ಗುಬ್ಬಿಯ ಗೂಡಿದೆ. ಅದರಲ್ಲಿ ಮೂರು ಮೊಟ್ಟೆ. ಗುಬ್ಬಿ ಕಾಳು ಹುಡುಕಿ ಬರುವವರೆಗೆ ಚುರುಕನೇ ಅವಕ್ಕೆ ಕಾವಲು.

ನೀತಿ: ಏನನ್ನೇ ಕಟ್ಟುವ ಮುನ್ನ ಅಲ್ಲಿ ದುಡಿಯುವವರನ್ನೂ ಇರುವವರನ್ನೂ ಕೇಳಬೇಕು, ಆಗ ದಂಡವೂ ತಪ್ಪುತ್ತದೆ, ಕಟ್ಟಿದ್ದೂ ನಿಲ್ಲುತ್ತದೆ.